ಹಳೇ ಪುಸ್ತಕದಲ್ಲಿ ಕ್ವಾಂಟಮ್ ಕಲಿಯಬಹುದಾ?

ಇವತ್ತಿನ ಸಂಚಿಕೆಯಲ್ಲಿ ಒಂದು ನೇರ ಪ್ರಶ್ನೆ. ನೀವು ಕ್ವಾಂಟಮ್ ಮೆಕ್ಯಾನಿಕ್ಸ್ ಕಲಿಯೋಕೆ ಹೊರಟಿದ್ದೀರಿ. ಹೊಸ ಪಠ್ಯಪುಸ್ತಕದ ಬೆಲೆ ನೋಡಿದ್ರೆ ಎದೆ ಧಸಕ್ಕನ್ನುತ್ತೆ. ಕಾಲೇಜು ಲೈಬ್ರರಿಯ ಕಪಾಟಿನಲ್ಲಿರೋದು ಅರವತ್ತು, ಎಪ್ಪತ್ತು ವರ್ಷ ಹಳೆಯದು. ಅದನ್ನ ಓದಿದ್ರೆ ಪ್ರಯೋಜನ ಇದೆಯಾ? ಅಥವಾ ತಪ್ಪು ಕಲಿತು, ಆಮೇಲೆ ಅದನ್ನ ಮರೆಯೋಕೆ ಒದ್ದಾಡಬೇಕಾ?

ನನ್ನ ಉತ್ತರ ಇಷ್ಟೇ. ಲೆಕ್ಕಕ್ಕೆ ಹಳೇ ಪುಸ್ತಕವನ್ನ ಧೈರ್ಯವಾಗಿ ನಂಬಿ. ‘ಇದೆಲ್ಲದರ ಅರ್ಥ ಏನು’ ಅನ್ನೋ ಅಧ್ಯಾಯ ಬಂದಾಗ ಮಾತ್ರ ಪುಸ್ತಕ ಅಚ್ಚಾದ ವರ್ಷ ನೋಡಿ. ಯಾಕೆ ಅನ್ನೋದನ್ನ ಇತಿಹಾಸವೇ ಹೇಳುತ್ತೆ.

ಬೆಂಗಳೂರಿನಿಂದಲೇ ಶುರು ಮಾಡೋಣ. 1935ರಲ್ಲಿ ಮ್ಯಾಕ್ಸ್ ಬಾರ್ನ್ ಎಂಬ ಜರ್ಮನ್ ವಿಜ್ಞಾನಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದರು. ಯಹೂದಿ ಅನ್ನೋ ಕಾರಣಕ್ಕೆ 1933ರಲ್ಲಿ ಹಿಟ್ಲರ್ ಸರ್ಕಾರ ಅವರನ್ನು ಅಮಾನತು ಮಾಡಿತ್ತು. ಇಲ್ಲಿಗೆ ಕರೆಸಿಕೊಂಡವರು ಸಿ.ವಿ. ರಾಮನ್. ಸುಮಾರು ಆರು ತಿಂಗಳು ಬಾರ್ನ್ ಇಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಪ್ರಯತ್ನಪಟ್ಟರು, ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು.

ಈ ಬಾರ್ನ್ 1926ರಲ್ಲಿ ಒಂದು ನಿಯಮ ಕೊಟ್ಟಿದ್ದರು. ಕ್ವಾಂಟಮ್ ಲೆಕ್ಕದಲ್ಲಿ ಎಲೆಕ್ಟ್ರಾನ್‌ಗೆ ಒಂದು ಅಲೆ ಇರುತ್ತೆ. ಆ ಅಲೆಯ ಪ್ರಮಾಣದ ವರ್ಗವೇ ಎಲೆಕ್ಟ್ರಾನ್ ಅಲ್ಲಿ ಸಿಗೋ ಸಂಭವನೀಯತೆ. ತಮಾಷೆ ಏನು ಗೊತ್ತಾ? ಮೊದಲ ಲೇಖನದಲ್ಲಿ ಬಾರ್ನ್ ‘ವರ್ಗ’ ಅಂತ ಬರೆದಿರಲಿಲ್ಲ. ಕರಡು ತಿದ್ದುವಾಗ ಹೊಳೆದು, ಅಡಿಟಿಪ್ಪಣಿಯಲ್ಲಿ ಸೇರಿಸಿದರು. ಆ ಕೆಲಸಕ್ಕೆ 1954ರಲ್ಲಿ ನೊಬೆಲ್ ಬಂತು. ಇವತ್ತಿನ ಕ್ವಾಂಟಮ್ ಕಂಪ್ಯೂಟರ್‌ನ ಫಲಿತಾಂಶವನ್ನೂ ಅದೇ ನಿಯಮದಿಂದಲೇ ಲೆಕ್ಕ ಹಾಕ್ತಾರೆ. ಅದೇ 1926ರಲ್ಲಿ ಶ್ರೋಡಿಂಗರ್ ಹೈಡ್ರೋಜನ್ ಪರಮಾಣುವಿಗೆ ಮಾಡಿದ ಲೆಕ್ಕವನ್ನ ಇವತ್ತಿಗೂ ತರಗತಿಯಲ್ಲಿ ಮಾಡಿಸ್ತಾರೆ. ಲೆಕ್ಕಕ್ಕೆ ವಯಸ್ಸಾಗಿಲ್ಲ.

ಹಾಗಾದ್ರೆ ವಯಸ್ಸಾಗಿದ್ದು ಯಾವುದಕ್ಕೆ? ಮೊದಲನೆಯದು ಚಿತ್ರಗಳಿಗೆ. ಸೂರ್ಯನ ಸುತ್ತ ಗ್ರಹ ಸುತ್ತೋ ಹಾಗೆ ಎಲೆಕ್ಟ್ರಾನ್ ಸುತ್ತುತ್ತೆ ಅನ್ನೋ ಬೋರ್ ಮಾದರಿ 1913ರದ್ದು. ನಮ್ಮ ಎರಡನೇ ಪಿಯುಸಿ ಪುಸ್ತಕದಲ್ಲಿ ಈಗಲೂ ಇದೆ. ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕೋಕೆ ಬೇಕಾದ 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನ ಅದು ಸರಿಯಾಗಿ ಹೇಳುತ್ತೆ. ಆದ್ರೆ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲೂ ಎಲೆಕ್ಟ್ರಾನ್ ಸುತ್ತುತ್ತಲೇ ಇರುತ್ತೆ ಅನ್ನುತ್ತೆ. ಕ್ವಾಂಟಮ್ ಲೆಕ್ಕದ ಪ್ರಕಾರ ಅಲ್ಲಿ ಆ ಸುತ್ತುವಿಕೆಯ ಅಳತೆ ಸೊನ್ನೆ. ಉತ್ತರ ಸರಿ, ಚಿತ್ರ ತಪ್ಪು. ಎಷ್ಟೋ ಹಳೇ ಪುಸ್ತಕಗಳು ಈ ಚಿತ್ರದಿಂದಲೇ ಶುರುವಾಗ್ತವೆ.

ಎರಡನೆಯದು ಇನ್ನೂ ಗಂಭೀರ. 1932ರಲ್ಲಿ ಗಣಿತಜ್ಞ ವಾನ್ ನಾಯ್ಮನ್ ಬರೆದ ದೊಡ್ಡ ಪುಸ್ತಕದಲ್ಲಿ ಒಂದು ಸಾಧನೆ ಇತ್ತು. ಕ್ವಾಂಟಮ್ ಅನಿಶ್ಚಿತತೆಯ ಹಿಂದೆ ನಮಗೆ ಕಾಣದ ಇನ್ಯಾವ ವಿವರವೂ ಅಡಗಿರೋಕೆ ಸಾಧ್ಯವಿಲ್ಲ ಅನ್ನೋದು ಅದರ ತೀರ್ಮಾನ. ಆ ಸಾಧನೆಯಲ್ಲಿ ಲೋಪ ಇದೆ ಅಂತ 1935ರಲ್ಲೇ ಗ್ರೇಟೆ ಹರ್ಮನ್ ಎಂಬ ಮಹಿಳೆ ತೋರಿಸಿದರು. ಹೆಚ್ಚು ಜನ ಗಮನಿಸಲೇ ಇಲ್ಲ. ಮತ್ತೆ 1960ರ ದಶಕದಲ್ಲಿ ಜಾನ್ ಬೆಲ್ ಅದನ್ನೇ ಎತ್ತಿ ತೋರಿಸಿದರು. ಅಷ್ಟೇ ಅಲ್ಲ, ಇಂಥ ಪ್ರಶ್ನೆಯನ್ನ ಪ್ರಯೋಗದಲ್ಲೇ ಪರೀಕ್ಷಿಸೋ ದಾರಿಯನ್ನ 1964ರಲ್ಲಿ ಕೊಟ್ಟರು. ಆ ದಾರಿಯಲ್ಲಿ ಪ್ರಯೋಗ ಮಾಡಿದ ಆಸ್ಪೆ, ಕ್ಲೌಸರ್, ಜೈಲಿಂಗರ್‌ಗೆ 2022ರ ನೊಬೆಲ್ ಸಿಕ್ಕಿತು. ಮೂವತ್ತು ವರ್ಷ ವಿದ್ಯಾರ್ಥಿಗಳು ‘ಇದು ಮುಗಿದ ವಿಷಯ’ ಅಂತ ಓದಿ ಮುಂದೆ ಹೋಗಿದ್ದರು ನೋಡಿ. ಹಳೇ ಪುಸ್ತಕದ ನಿಜವಾದ ಅಪಾಯ ಇದು. ತಪ್ಪು ಸೂತ್ರ ಅಲ್ಲ, ಮುಚ್ಚಿಹೋದ ಪ್ರಶ್ನೆ.

ಇನ್ನು ಡಿರಾಕ್. ಅವರ ಪುಸ್ತಕ ಬಂದಿದ್ದು 1930ರಲ್ಲಿ. ಇವತ್ತು ಎಲ್ಲರೂ ಬಳಸೋ ಬ್ರಾ-ಕೆಟ್ ಚಿಹ್ನೆಗಳನ್ನ ಡಿರಾಕ್ ಪರಿಚಯಿಸಿದ್ದು 1939ರಲ್ಲಿ, ಪುಸ್ತಕಕ್ಕೆ ಸೇರಿಸಿದ್ದು 1947ರ ಮೂರನೇ ಆವೃತ್ತಿಯಲ್ಲಿ. ಅಂದ್ರೆ ಲೇಖಕರೇ ತಮ್ಮ ಪುಸ್ತಕವನ್ನ ಹೊಸದು ಮಾಡ್ತಾ ಹೋದರು. ಆದ್ರೆ ಅದರಲ್ಲಿ ಅಭ್ಯಾಸದ ಲೆಕ್ಕಗಳೇ ಇಲ್ಲ. ಮೊದಲ ಸಲ ಕಲಿಯೋರಿಗೆ ಅದು ಕಬ್ಬಿಣದ ಕಡಲೆ. ಎರಡನೇ ಸಲ ಓದಿದರೆ ರುಚಿ.

ಶುರು ಮಾಡೋಕೆ ನಾನು ಹೇಳೋದು ಫೈನ್‌ಮನ್ ಉಪನ್ಯಾಸಗಳ ಮೂರನೇ ಸಂಪುಟ. 1965ರದ್ದು. ಮೊಬೈಲ್‌ನಲ್ಲೇ ಉಚಿತವಾಗಿ ಓದಬಹುದು. ಬೋರ್ ಚಿತ್ರ ಬದಿಗಿಟ್ಟು, ಎರಡು ಸೀಳುಗಳ ಮೂಲಕ ಹೋಗೋ ಎಲೆಕ್ಟ್ರಾನ್‌ನಿಂದ ನೇರವಾಗಿ ಶುರುವಾಗುತ್ತೆ. ಈ ಪ್ರಯೋಗ ಮಾಡಲು ಹೋಗಬೇಡಿ, ಉಪಕರಣ ಅಸಾಧ್ಯ ಅನ್ನೋಷ್ಟು ಚಿಕ್ಕದಿರಬೇಕಾಗುತ್ತೆ ಅಂತ ಫೈನ್‌ಮನ್ ವಿದ್ಯಾರ್ಥಿಗಳಿಗೆ ಹೇಳಿದ್ದರು. ಜರ್ಮನಿಯ ಯೋನ್ಸನ್ ಸಣ್ಣ ಸೀಳುಗಳಲ್ಲಿ ಎಲೆಕ್ಟ್ರಾನ್ ಹಾಯಿಸಿ 1961ರಲ್ಲೇ ಪ್ರಕಟಿಸಿದ್ದರು! 1989ರಲ್ಲಿ ಜಪಾನಿನ ತೊನೊಮುರ ತಂಡ ಒಂದೊಂದೇ ಎಲೆಕ್ಟ್ರಾನ್ ಬಂದು ಬಿದ್ದು, ಚುಕ್ಕೆ ಚುಕ್ಕೆಯಾಗಿ ಪಟ್ಟೆಗಳು ಮೂಡೋದನ್ನ ತೋರಿಸಿತು. ಪ್ರಯೋಗದ ಫಲ ಫೈನ್‌ಮನ್ ಹೇಳಿದಂತೆಯೇ ಬಂತು. ಹಳೆಯದಾಗಿದ್ದು ‘ಮಾಡಲು ಆಗಲ್ಲ’ ಅನ್ನೋ ಮಾತು ಮಾತ್ರ.

ಹಾಗಾಗಿ ದುಡ್ಡಿಲ್ಲ, ಹೊಸ ಪುಸ್ತಕ ಇಲ್ಲ ಅಂತ ಕಲಿಕೆ ಮುಂದಕ್ಕೆ ಹಾಕಬೇಡಿ. ಲೈಬ್ರರಿಯ ಆ ಹಳೇ ಪುಸ್ತಕ ತೆಗೆದುಕೊಳ್ಳಿ, ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಅದರ ಜೊತೆಗೆ ಬೆಲ್ ಪ್ರಮೇಯದ ಬಗ್ಗೆ ಒಂದೇ ಒಂದು ಹೊಸ ಅಧ್ಯಾಯ ಓದಿ. ಹಳೇ ಪುಸ್ತಕ ‘ಇದು ಅಸಾಧ್ಯ’, ‘ಇದು ಮುಗಿದ ಚರ್ಚೆ’ ಅಂತ ಎಲ್ಲಿ ಹೇಳುತ್ತೋ, ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಲೈಬ್ರರಿ ಪುಸ್ತಕ ಆದ್ರೆ ಮಾತ್ರ, ನಿಮ್ಮ ನೋಟ್‌ಬುಕ್‌ನಲ್ಲಿ ಹಾಕ್ಕೊಳ್ಳಿ!

ಮುಂದಿನ ಸಂಚಿಕೆಯಲ್ಲಿ ಸಿಗೋಣ.