ಬೇಸರ ಎರಡು ವಾರ ದಾಟಿದರೆ: ಖಿನ್ನತೆಯನ್ನು ಗುರುತಿಸುವ ಬಗೆ

ಆಪ್ತರ ಅಗಲಿಕೆ, ಪರೀಕ್ಷೆಯಲ್ಲಿ ಸೋಲು, ಸಾಲದ ಹೊರೆ ಮುಂತಾದವುಗಳಿಂದ ಮನಸ್ಸು ಕುಗ್ಗುವುದು ಸಹಜ. ಅದನ್ನೆಲ್ಲ ಕಾಯಿಲೆ ಎನ್ನಲಾಗದು. ಆದರೆ ದಿನದ ಬಹುಪಾಲು ಕವಿದಿರುವ ಬೇಸರ ಅಥವಾ ಹಿಂದೆ ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ನಿರಾಸಕ್ತಿ ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ಪ್ರತಿದಿನವೂ ಮುಂದುವರಿದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಹಸಿವು ಮತ್ತು ತೂಕದಲ್ಲಿ ಏರುಪೇರು, ದಣಿವು, ಏಕಾಗ್ರತೆಯ ಕೊರತೆ, ಅತಿಯಾದ ತಪ್ಪಿತಸ್ಥ ಭಾವನೆ, ಸಾವಿನ ಯೋಚನೆ ಇವು ಜೊತೆಗಿರುವ ಇತರ ಲಕ್ಷಣಗಳು.

ಅನೇಕ ರೋಗಿಗಳು ವೈದ್ಯರ ಬಳಿ ಬೇಸರದ ಮಾತನ್ನೇ ಎತ್ತುವುದಿಲ್ಲ. ತಲೆನೋವು, ಎದೆ ಭಾರ, ಅಜೀರ್ಣ, ಕೈಕಾಲು ಸೆಳೆತ ಎನ್ನುತ್ತಾರೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಗಿದು 'ಏನೂ ತೊಂದರೆಯಿಲ್ಲ' ಎಂಬ ವರದಿ ಬಂದೊಡನೆ ಮನೆಯವರು ಅದನ್ನು ಸೋಮಾರಿತನವೆಂದು ತೀರ್ಮಾನಿಸುವುದುಂಟು. ನೋವು ನಟನೆಯಲ್ಲ, ಖಿನ್ನತೆ ದೇಹದ ಮೂಲಕವೂ ಮಾತನಾಡುತ್ತದೆ. ಹದಿಹರೆಯದವರಲ್ಲಿ ಅದು ಸಿಡುಕಾಗಿ, ವೃದ್ಧರಲ್ಲಿ ಮರೆವಾಗಿ ತೋರಬಹುದು. ಬಾಣಂತಿಯರ ಅಳುವನ್ನೂ ವಾರಗಟ್ಟಲೆ ಕಡೆಗಣಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗಗಳಿದ್ದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಮೊದಲು ಕುಟುಂಬ ವೈದ್ಯರನ್ನು ಕಂಡರೂ ಸರಿ. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಇಂಥದೇ ಲಕ್ಷಣ ತೋರುವುದರಿಂದ ಆ ಪರೀಕ್ಷೆಗಳು ಅಗತ್ಯ. ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧಿ ಬರೆದುಕೊಡಬಲ್ಲರು. ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುವವರು, ಔಷಧಿ ಕೊಡುವವರಲ್ಲ. ತೀವ್ರವಲ್ಲದ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ತೀವ್ರವಾದಾಗ ಎರಡೂ ಬೇಕಾಗುತ್ತವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಲಭ್ಯ. ಅಂದಹಾಗೆ, ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡಬಾರದು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರ. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇರಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಖಿನ್ನತೆ ನಿವಾರಕ ಮಾತ್ರೆಗಳು ನಿದ್ದೆಗುಳಿಗೆಗಳಲ್ಲ. ಅವುಗಳ ಪರಿಣಾಮ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರದಲ್ಲೇ 'ಪ್ರಯೋಜನವಿಲ್ಲ' ಎಂದು, ಇಲ್ಲವೇ ಗುಣವಾದೊಡನೆ 'ಇನ್ನೇಕೆ' ಎಂದು ಬಿಟ್ಟುಬಿಡುವವರೇ ಹೆಚ್ಚು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ವೈದ್ಯರು ಹೇಳುವುದು ರೋಗ ಮರುಕಳಿಸದಿರಲೆಂದು. ನಿಲ್ಲಿಸುವಾಗಲೂ ಅವರ ಸಲಹೆಯಂತೆ ಹಂತಹಂತವಾಗಿ ಪ್ರಮಾಣ ತಗ್ಗಿಸಬೇಕು. ಚಿಕಿತ್ಸೆಯ ವಿವರ ಕಚೇರಿಗೋ ಬೀಗರಿಗೋ ತಿಳಿದೀತೆಂದು ಅಂಜುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನು ನೀಡಿದೆ.