ರೆಕ್ಲಿಂಗ್‌ಹೌಸೆನ್ ವ್ಯಾಧಿಯಲ್ಲಿ ಕಂಡುಬರುವ ಕರುಳಿನ ಗಡ್ಡೆಗಳು

1882ರಲ್ಲಿ ಸ್ಟ್ರಾಸ್‌ಬರ್ಗಿನ ರೋಗವಿಜ್ಞಾನಿ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್, ಚರ್ಮದ ಮೇಲೆ ಮೃದುವಾದ ಗಂಟುಗಳಾಗಿ ತಲೆದೋರುವ ಗಡ್ಡೆಗಳಿಗೂ ನರಗಳಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಮೇಲೆ ಆ ವ್ಯಾಧಿಗೆ ಆತನ ಹೆಸರೇ ನಿಂತಿತು. ಹಾಲು ಬೆರೆತ ಕಾಫಿಯ ಬಣ್ಣದ ಮಚ್ಚೆಗಳು, ಕಂಕುಳಲ್ಲಿ ಚದುರಿದ ಚುಕ್ಕೆಗಳು, ಬೆರಳಿನಿಂದ ಒತ್ತಿದರೆ ಒಳಕ್ಕೆ ಕುಸಿಯುವ ಗಂಟುಗಳು ಇವೆಲ್ಲ ಹೊರಗಣ್ಣಿಗೆ ಬೀಳತಕ್ಕ ಲಕ್ಷಣಗಳಾದುದರಿಂದ, ಇಂಥ ರೋಗಿಯ ಕರುಳಿನಲ್ಲಿ ಗಡ್ಡೆಯೊಂದು ದೊರೆತರೆ ಅದನ್ನೂ ನರಗಡ್ಡೆಯೆಂದೇ ಬರೆದಿಡುವ ವಾಡಿಕೆ ಬಹುಕಾಲ ನಡೆದುಬಂದಿತು. ಆ ವಾಡಿಕೆ ಈಗ ಸಡಿಲಿದೆ. ಆದರೆ ಅದರ ಸ್ಥಾನದಲ್ಲಿ ಇನ್ನೊಂದು ಪ್ರಮಾದ ನೆಲೆಗೊಳ್ಳಬಹುದೆಂಬ ಆತಂಕವೇ ಈ ಲೇಖನಕ್ಕೆ ಪ್ರೇರಣೆ.

ಕರುಳಿನ ಗೋಡೆಯ ಸ್ನಾಯುಪದರಗಳ ನಡುವೆ, ನರಜಾಲದ ಮಗ್ಗುಲಲ್ಲಿ, ಕರುಳಿನ ಚಲನೆಗೆ ತಾಳ ಹಿಡಿಯುವ ವಿಶಿಷ್ಟ ಕೋಶಗಳಿವೆ. ಅವುಗಳನ್ನು ವರ್ಣಿಸಿದ ಸ್ಪೇನಿನ ರಾಮೋನ್ ಇ ಕಾಹಾಲನ ಹೆಸರಿನಿಂದಲೇ ಅವು ಪ್ರಸಿದ್ಧವಾಗಿವೆ. ಜಿಸ್ಟ್ ಎಂದು ಕರೆಯಲ್ಪಡುವ ಗಡ್ಡೆ ಈ ಕೋಶವಂಶಕ್ಕೆ ಸೇರಿದುದು, ನರದ ಹೊದಿಕೆಗಲ್ಲ. 1998ರಲ್ಲಿ ಜಪಾನಿನ ಹಿರೋತ ಮತ್ತು ಅವರ ಸಹೋದ್ಯೋಗಿಗಳು, ಸಾಮಾನ್ಯ ಜಿಸ್ಟ್‌ಗಳಲ್ಲಿ ಕಿಟ್ ಎಂಬ ವಂಶವಾಹಿ ವಿಕೃತಗೊಂಡು ಕೋಶವನ್ನು ಎಡೆಬಿಡದೆ ಪ್ರಚೋದಿಸುವುದನ್ನು ಕಂಡುಹಿಡಿದರು. ಆ ಪ್ರಚೋದನೆಯನ್ನು ಅಡಗಿಸುವ ಇಮ್ಯಾಟಿನಿಬ್ ಎಂಬ ಔಷಧ ಕೆಲವೇ ವರ್ಷಗಳಲ್ಲಿ ಅಸಂಖ್ಯ ರೋಗಿಗಳ ಆಯುಷ್ಯವನ್ನು ಹಿಗ್ಗಿಸಿತು.

ರೆಕ್ಲಿಂಗ್‌ಹೌಸೆನ್ ವ್ಯಾಧಿಯಲ್ಲಿ ದೊರೆಯುವ ಜಿಸ್ಟ್‌ಗೆ ಮಾತ್ರ ಮೂಲ ಬೇರೆ. 1990ರಲ್ಲಿ 17ನೆಯ ವರ್ಣತಂತುವಿನಲ್ಲಿ ಗುರುತಿಸಲ್ಪಟ್ಟ ವಂಶವಾಹಿ ಇಲ್ಲಿ ಕೆಟ್ಟಿರುತ್ತದೆ. ಆರೋಗ್ಯವಂತ ಕೋಶದೊಳಗೆ ರಾಸ್ ಎಂಬ ಪ್ರೋಟೀನನ್ನು ಹದ್ದಿನಲ್ಲಿಡುವ ನ್ಯೂರೋಫೈಬ್ರೊಮಿನ್ ಅದರಿಂದಲೇ ಹುಟ್ಟತಕ್ಕದ್ದು. ಅದು ಇಲ್ಲವಾದಾಗ ರಾಸ್‌ಗೆ ತಡೆಯಿಲ್ಲ; ಕಿಟ್‌ನ ಪ್ರಚೋದನೆಯನ್ನು ಅಡಗಿಸಿದರೂ ಕೋಶದ ಓಟ ನಿಲ್ಲದು. ಎತ್ತುಗಳಿಗೆ ಬೀಸುವ ಚಾವಟಿಯನ್ನು ಕಸಿದುಕೊಂಡ ಮಾತ್ರಕ್ಕೆ, ಇಳಿಜಾರಿನಲ್ಲಿ ತಡೆ ಕಳಚಿದ ಬಂಡಿ ನಿಲ್ಲುವುದಿಲ್ಲವಷ್ಟೆ.

ಸೂಕ್ಷ್ಮದರ್ಶಕದಡಿಯಲ್ಲಿ ಈ ಗಡ್ಡೆ ಮೋಸಗೊಳಿಸುವಷ್ಟು ಪರಿಚಿತವಾಗಿ ಕಾಣುತ್ತದೆ. ಕದಿರಿನಾಕಾರದ ಕೋಶಗಳು ಕಟ್ಟುಕಟ್ಟಾಗಿ ಹೊರಳಿ ಸಾಗುತ್ತವೆ. ನಡುನಡುವೆ ನೂಲಿನ ಲಡಿಗಳನ್ನು ಸುರುಟಿ ಎಸೆದಂತೆ ನಸುಗೆಂಪು ತಂತುಪುಂಜಗಳು ಬಿದ್ದಿರುತ್ತವೆ. ಗಡ್ಡೆಯ ಆಚೆಗೂ ನರಜಾಲದ ಉದ್ದಕ್ಕೆ ಕಾಹಾಲ್ ಕೋಶಗಳು ದಟ್ಟೈಸಿರುವುದುಂಟು. ಕಿಟ್ ಪ್ರೋಟೀನನ್ನು ತೋರಿಸುವ ವರ್ಣಲೇಪ ಕೊಟ್ಟೊಡನೆ ಇಡೀ ಕ್ಷೇತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಆ ಕಂದುಬಣ್ಣ ಪ್ರೋಟೀನು ಇದೆಯೆಂದಷ್ಟೇ ಹೇಳುತ್ತದೆ, ವಂಶವಾಹಿ ವಿಕೃತವಾಗಿದೆಯೆಂದಲ್ಲ. 2006ರಲ್ಲಿ ಮಿಯೆಟ್ಟಿನೆನ್ ಮತ್ತು ಸಂಗಡಿಗರು ಇಂಥ 45 ರೋಗಿಗಳ ಗಡ್ಡೆಗಳನ್ನು ಅಧ್ಯಯನಿಸಿದಾಗ, ವಂಶವಾಹಿ ಪರೀಕ್ಷೆಗೊಳಗಾದವುಗಳಲ್ಲಿ ಕಿಟ್‌ನ ವಿಕೃತಿ ದೊರೆಯಲಿಲ್ಲ. ಇಮ್ಯಾಟಿನಿಬ್ ಇವರಲ್ಲಿ ಸಾಮಾನ್ಯವಾಗಿ ಫಲಕಾರಿಯಾಗದಿರುವುದಕ್ಕೆ ಕಾರಣ ಇದೇ. ವರ್ಣಲೇಪದ ಫಲಿತಾಂಶವೊಂದನ್ನೇ ನೆಚ್ಚಿ ಔಷಧವನ್ನು ಬರೆದುಕೊಡುವುದು, ನನ್ನ ಅಭಿಪ್ರಾಯದಲ್ಲಿ, ಅಕ್ಷಮ್ಯ ಆತುರ.

ಸಾಮಾನ್ಯ ಜಿಸ್ಟ್ ಹೆಚ್ಚಾಗಿ ಜಠರದಲ್ಲಿ ಒಂಟಿಯಾಗಿರುತ್ತದೆ. ಈ ವ್ಯಾಧಿಯ ಜಿಸ್ಟ್ ಸಣ್ಣ ಕರುಳಿನಲ್ಲಿ, ಅನೇಕ ವೇಳೆ ಒಂದಕ್ಕಿಂತ ಹೆಚ್ಚಾಗಿ ಇರುತ್ತದೆ. ಕಪ್ಪು ಮಲವೂ ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆಯೂ ಎಷ್ಟೋ ವೇಳೆ ಇದರ ಮೊದಲ ಸೂಚನೆಗಳು. ಬಹುಪಾಲು ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ. ದೊಡ್ಡದಾಗಿ, ಕೋಶವಿಭಜನೆ ಚುರುಕಾಗಿರುವವು ಮಾತ್ರ ಯಕೃತ್ತಿಗೆ ಹಬ್ಬಬಲ್ಲವು. ಆದುದರಿಂದ ಶಸ್ತ್ರಚಿಕಿತ್ಸೆಯೇ ಇಲ್ಲಿ ಮುಖ್ಯ ಉಪಾಯ. ಅದಕ್ಕೆ ಮುನ್ನ, ಇದೇ ವ್ಯಾಧಿಯಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆಯೂ ಅಡಗಿರಬಹುದಾದ ಕಾರಣ, ಅರಿವಳಿಕೆಯ ಹೊತ್ತಿನಲ್ಲಿ ರಕ್ತದೊತ್ತಡ ಹಠಾತ್ತನೆ ಏರದಂತೆ ಅದನ್ನು ಶೋಧಿಸಿಕೊಂಡಿರಬೇಕು. ಕೈಗೆ ಸಿಕ್ಕಿದ ದೊಡ್ಡ ಗಡ್ಡೆಯನ್ನು ತೆಗೆದು ಹೊಟ್ಟೆಯನ್ನು ಮುಚ್ಚದೆ, ಶಸ್ತ್ರವೈದ್ಯನು ಕರುಳನ್ನು ಆದಿಯಿಂದ ತುದಿಯವರೆಗೆ ಗೇಣುಗೇಣಾಗಿ ಬೆರಳುಗಳ ನಡುವೆ ಸರಿಸಿ ನೋಡಬೇಕು; ಕಡಲೆಕಾಳಿನಷ್ಟು ಚಿಕ್ಕವೂ ಅಲ್ಲಿ ಗೋಡೆಯೊಳಗೆ ಹುದುಗಿರುತ್ತವೆ.