ಹೆಂಗಸರ ಬೋಗಿ

ರೈಲಿನಲ್ಲಿ ಹೆಂಗಸರಿಗೆ ಬೇರೆ ಜಾಗ ಇರುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳುವ ಗೋಜಿಗೇ ನಾವು ಹೋಗುವುದಿಲ್ಲ. ಮಕ್ಕಳನ್ನೂ ಬುತ್ತಿಯನ್ನೂ ಹೊತ್ತು ತವರಿಗೆ ಹೊರಟಾಗ ಅದರೊಳಗೆ ನುಗ್ಗಿ, ಎದುರಿಗೆ ಕುಳಿತವರ ಊರು ಕೇರಿ ವಿಚಾರಿಸಿದವರೇ ನಾವೆಲ್ಲ. ಇತಿಹಾಸ ಪಾಠ ಮಾಡುವ ನನಗೂ ಈ ಪ್ರಶ್ನೆ ಎದ್ದದ್ದು ಬಲು ದೂರದ ಟೋಕಿಯೋದಲ್ಲಿ.

ನಮ್ಮವರ ಕೆಲಸದ ನಿಮಿತ್ತ ನಾನು ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ, 2003ರಿಂದ ಎರಡು ವರ್ಷ ಟೋಕಿಯೋದ ಪಶ್ಚಿಮಕ್ಕಿರುವ ಚೋಫುವಿನಲ್ಲಿದ್ದೆ. ಆ ನಗರ ನಡೆಯುವುದೇ ರೈಲಿನಿಂದ. ಆದರೆ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆಲ್ಲ ರೈಲು ನಿಂತುಬಿಡುತ್ತದೆ. ಮತ್ತೆ ಹೊರಡುವುದು ಬೆಳಗಿನ ಐದರ ಸುಮಾರಿಗೆ. ಕೊನೆಯ ರೈಲು ತಪ್ಪಿದರೆ ಟ್ಯಾಕ್ಸಿಗೆ ಕೈತುಂಬ ಹಣ ಸುರಿಯಬೇಕು. ಹಾಗಾಗಿ ರಾತ್ರಿ ಹನ್ನೊಂದು ದಾಟಿತೆಂದರೆ ನಿಲ್ದಾಣಗಳಲ್ಲಿ ಜನವೋ ಜನ. ಡಿಸೆಂಬರ್ ಬಂತೆಂದರೆ ಕೇಳುವುದೇ ಬೇಡ. ವರ್ಷ ಮುಗಿಯಿತೆಂದು ಕಚೇರಿಯವರೆಲ್ಲ ಸೇರಿ ಉಂಡು, ಕುಡಿದು, ತೂರಾಡುತ್ತ ಮನೆಗೆ ಮರಳುವ ತಿಂಗಳು ಅದು.

ಅಂಥದೊಂದು ಶುಕ್ರವಾರ ರಾತ್ರಿ ನಾವು ನಾಲ್ವರು ಗೆಳತಿಯರು ಶಿಂಜುಕುವಿನಲ್ಲಿ ಊಟ ಮುಗಿಸಿ ಮನೆಗೆ ಹೊರಟೆವು. ಒಬ್ಬಾಕೆ ಧಾರವಾಡದವಳು, ಒಬ್ಬಾಕೆ ಚೆನ್ನೈಯವಳು, ಇನ್ನೊಬ್ಬಳು ನಮಗೆ ಜಪಾನಿ ಭಾಷೆ ಕಲಿಸುತ್ತಿದ್ದವಳು. ಪ್ಲಾಟ್‌ಫಾರ್ಮಿನಲ್ಲಿ ಆ ಜಪಾನಿ ಗೆಳತಿ ನಮ್ಮನ್ನು ಗುಲಾಬಿ ಬಣ್ಣದ ಗುರುತಿದ್ದ ಕಡೆಗೆ ಎಳೆದುಕೊಂಡು ಹೋದಳು. ಹತ್ತಿ ನೋಡಿದರೆ ಒಳಗೆ ಬರೀ ಹೆಂಗಸರು. ಕೆಲಸ ಮುಗಿಸಿ ಬಂದ ಹುಡುಗಿಯರು ಕುಳಿತಲ್ಲೇ ತೂಕಡಿಸುತ್ತಿದ್ದರು. ಧಾರವಾಡದವಳು, “ಅಯ್ಯ, ನಮ್ಮ ಲೇಡೀಸ್ ಡಬ್ಬಿ ಇದ್ದಂಗ ಐತಲ್ರಿ ಅಕ್ಕಾ!” ಎಂದು ನಕ್ಕಳು.

ಜಪಾನಿ ಗೆಳತಿ ನಗಲಿಲ್ಲ. ಕಾಲೇಜಿನ ದಿನಗಳಲ್ಲಿ, ಬೇರೊಂದು ಮಾರ್ಗದ ಕಿಕ್ಕಿರಿದ ರೈಲಿನಲ್ಲಿ, ಯಾರದೋ ಕೈ ತನ್ನ ಮೈಮೇಲೆ ಆಡಿದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. “ಕೂಗಬೇಕು ಅನ್ನಿಸಿತು, ಗಂಟಲಿನಿಂದ ಸ್ವರವೇ ಬರಲಿಲ್ಲ” ಎಂದಳು. ನಮ್ಮೂರ ಸಿಟಿ ಬಸ್ಸುಗಳ ನೆನಪು ನಮಗೂ ಇತ್ತು. ಮೂವರೂ ಸುಮ್ಮನಾದೆವು. ಆಮೇಲೆ ಚೆನ್ನೈಯವಳು ಸಿಟ್ಟಿನಿಂದ, “ತಪ್ಪು ಮಾಡುವವರು ಅವರು, ಬೇರೆ ಬೋಗಿಗೆ ಹೋಗಬೇಕಾದವರು ನಾವೇ?” ಎಂದು ಕೇಳಿದಳು. ಚೋಫು ಬರುವ ತನಕ ಅದೇ ವಾದ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಂತೆ ಟೋಕಿಯೋದಲ್ಲಿ ಹೆಂಗಸರ ಬೋಗಿ ಒಮ್ಮೆಯಲ್ಲ, ಮೂರು ಸಲ ಹುಟ್ಟಿದ್ದು ತಿಳಿಯಿತು. ಮೊದಲನೆಯದು 1912ರಲ್ಲಿ, ಚುವೊ ಮಾರ್ಗದಲ್ಲಿ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಹುಡುಗರ ಜೊತೆ ಒಂದೇ ಗಾಡಿಯಲ್ಲಿ ಓಡಾಡುವುದು ಚೆನ್ನಲ್ಲವೆಂದು ಹಿರಿಯರಿಗೆ ಅನ್ನಿಸಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ಎರಡನೆಯದು ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಮಾರ್ಗದಲ್ಲಿ. ಆಗಿನ ನೂಕುನುಗ್ಗಲಿನಲ್ಲಿ ಹೆಂಗಸರು, ಮಕ್ಕಳು ಗಾಡಿ ಹತ್ತುವುದೇ ಕಷ್ಟವಾಗಿತ್ತು. ಆ ಬೋಗಿ 1973ರವರೆಗೂ ಇತ್ತು. ಮೂರನೆಯದು ನಾವು ಹತ್ತಿದ ಕೇಯೊ ಮಾರ್ಗದ್ದು. 2000ದ ಡಿಸೆಂಬರಿನಲ್ಲಿ, ಕುಡಿದವರ ಕಾಟದ ದೂರುಗಳಿಗೆ ಪರಿಹಾರವೆಂದು ತಡರಾತ್ರಿಯ ರೈಲುಗಳಲ್ಲಿ ಪ್ರಯೋಗಕ್ಕೆ ಇಟ್ಟು, 2001ರ ಮಾರ್ಚ್‌ನಲ್ಲಿ ಕಾಯಂ ಮಾಡಿದರು.

ನಮ್ಮ ದೇಶದ ಕಥೆ ಇನ್ನೂ ಹಳೆಯದು. 1890ರ ರೈಲ್ವೆ ಕಾಯ್ದೆಯ ಪ್ರಕಾರ, 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕ ಗಾಡಿಯಲ್ಲೂ ಅತಿ ಕೆಳದರ್ಜೆಯ ಒಂದು ಕಂಪಾರ್ಟ್‌ಮೆಂಟನ್ನಾದರೂ ಹೆಂಗಸರಿಗೆಂದೇ ಬಿಡಬೇಕಿತ್ತು. ಗಾಡಿ 50 ಮೈಲಿಗಿಂತ ದೂರ ಹೋಗುವುದಾದರೆ ಅದರಲ್ಲಿ ಪಾಯಿಖಾನೆಯೂ ಇರಬೇಕಿತ್ತು. ಟೋಕಿಯೋಗಿಂತ 21 ವರ್ಷ ಮೊದಲಿನ ಮಾತಿದು. ಪಾಯಿಖಾನೆಯ ಆ ಒಂದು ಸಾಲು ಎಷ್ಟು ತಾಯಂದಿರ ಪ್ರಯಾಣವನ್ನು ಹಗುರ ಮಾಡಿರಬೇಡ! ಸ್ಥಳ ಮೀಸಲಿಡುವ ಪದ್ಧತಿಯನ್ನು 1989ರ ಕಾಯ್ದೆಯೂ ಉಳಿಸಿಕೊಂಡಿತು. 1992ರಲ್ಲಿ ಮುಂಬಯಿಯ ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಇಡೀ ರೈಲೇ ಹೆಂಗಸರಿಗೆಂದು ಹೊರಟಿತು.

ಬೋಗಿ ಎಲ್ಲ ಕಾಲಕ್ಕೂ ಅದೇ ಬೋಗಿ. ಬದಲಾದದ್ದು ಕಾರಣ. 1912ರದು ಹೆಣ್ಣನ್ನು ಕಾಯುವ ಕಾರಣ. ಆಕೆ ಮನೆಯ ಮರ್ಯಾದೆ. 2000ದ್ದು, ಮುಂಬಯಿಯದು ಹಾಗಲ್ಲ. ಅಲ್ಲಿ ಆಕೆ ದುಡಿಯುವವಳು, ಟಿಕೇಟು ಕೊಂಡವಳು. ಎಷ್ಟು ಹೊತ್ತಾದರೂ ನೆಮ್ಮದಿಯಾಗಿ ಮನೆ ಸೇರುವ ಹಕ್ಕುಳ್ಳವಳು. ಹೊರಗೆ ಬರಬೇಡ ಎನ್ನುವುದಕ್ಕೂ ಹೊರಟವಳಿಗೆ ಜಾಗ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆಯಲ್ಲವೇ?

ಹಾಗೆಂದು ಚೆನ್ನೈ ಗೆಳತಿಯ ಪ್ರಶ್ನೆಗೆ ಬೋಗಿಯೊಂದೇ ಉತ್ತರವಾಗದು. ಜಪಾನಿನಲ್ಲಿ ಆ ಬೋಗಿಗೆ ಗಂಡಸರು ಹತ್ತಬಾರದೆಂಬ ಕಾನೂನೂ ಇಲ್ಲ. ಎಲ್ಲ ಜನರ ಸಹಕಾರದಿಂದ ನಡೆಯುವಂಥದು. ನಿಜವಾದ ಉತ್ತರ ಬರಲು 2023ರವರೆಗೆ ಕಾಯಬೇಕಾಯಿತು. ಆ ವರ್ಷ ಅಲ್ಲಿನ ದಂಡಸಂಹಿತೆ ತಿದ್ದುಪಡಿಯಾಗಿ, ಲೈಂಗಿಕ ಅಪರಾಧಗಳಲ್ಲಿ ಹೆಣ್ಣಿನ ಒಪ್ಪಿಗೆ ಇಲ್ಲದಿರುವುದೇ ಮುಖ್ಯವೆಂದಾಯಿತು. ಅನಿರೀಕ್ಷಿತ ಆಘಾತದಿಂದ ಹೆದರಿ, ದಿಗ್ಭ್ರಮೆಗೊಂಡು ‘ಬೇಡ’ ಎನ್ನಲಾಗದ ಸ್ಥಿತಿಯನ್ನೂ ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿತು. ಸ್ವರ ಬರಲಿಲ್ಲವೆಂದ ಮಾತ್ರಕ್ಕೆ ಒಪ್ಪಿದಳೆಂದು ಅರ್ಥವಲ್ಲ.

ಈ ಪಾಠ ನಮ್ಮ ಸಮಾಜಶಾಸ್ತ್ರದ ಪುಸ್ತಕದಲ್ಲಿಲ್ಲ. ಆದರೂ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ನಾನು ಇದನ್ನು ಹೇಳುತ್ತೇನೆ, ಗಂಡುಮಕ್ಕಳನ್ನೂ ಅದೇ ತರಗತಿಯಲ್ಲಿ ಕೂರಿಸಿಕೊಂಡೇ.